ಸೊಂಟದ ಕೃತಕ ಕೀಲು: ಯಾವುದು, ಎಷ್ಟು ಬಾಳಿಕೆ?

ಬಾಗಲಕೋಟೆ: ಕೀಲು ಸವೆದೋ, ಬಿದ್ದು ಮೂಳೆ ಮುರಿದೋ ಸೊಂಟದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುವ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಯ ರೋಗಿಗಳು ಖರ್ಚಿನ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಅಳವಡಿಸುವ ಕೀಲಿನ ಗುಂಡು ಮತ್ತು ಬಟ್ಟಲು ಯಾವ ವಸ್ತುವಿನವು?

ಮೂರು ವಿಧ

ಲೋಹದ ಗುಂಡು, ಪಾಲಿಥಿಲೀನ್ ಬಟ್ಟಲು: 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಯಶಸ್ವಿಗೊಳಿಸಿದ ವಿಧಾನ. ಬೆಲೆ ಕಡಿಮೆ, ಅನುಭವ ದೀರ್ಘ. ಹಿಂದಿನ ಪ್ಲಾಸ್ಟಿಕ್ ಬಟ್ಟಲಿಗಿಂತ ಇಂದಿನ ಸುಧಾರಿತ ಬಟ್ಟಲು ಕಡಿಮೆ ಸವೆಯುತ್ತದೆ.

ಸೆರಾಮಿಕ್ ಗುಂಡು, ಪಾಲಿಥಿಲೀನ್ ಅಥವಾ ಸೆರಾಮಿಕ್ ಬಟ್ಟಲು: ಸವೆತ ಅತ್ಯಲ್ಪವಾದ್ದರಿಂದ ಕಿರಿಯ ವಯಸ್ಸಿನವರಿಗೆ ಹೆಚ್ಚಾಗಿ ಸೂಚಿಸಲಾಗುತ್ತದೆ. ಬೆಲೆ ಹೆಚ್ಚು. ಎರಡೂ ಸೆರಾಮಿಕ್ ಆದರೆ ಕೆಲವರಲ್ಲಿ ಕಿರುಗುಟ್ಟುವ ಸದ್ದು ಬರುತ್ತದೆ, ಒಡೆಯುವುದು ಅಪರೂಪ.

ಗುಂಡು, ಬಟ್ಟಲು ಎರಡೂ ಲೋಹ: ಹೆಚ್ಚು ಬಾಳುವುದೆಂಬ ನಿರೀಕ್ಷೆ ಹುಸಿಯಾಯಿತು. ಉಜ್ಜುವಿಕೆಯಿಂದ ಉದುರುವ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸಖಂಡ, ಮೂಳೆಗೆ ಹಾನಿ ಮಾಡಿ ರಕ್ತಕ್ಕೂ ಸೇರುತ್ತವೆ. ಇದರ ಬಳಕೆ ಈಗ ಬಹುಮಟ್ಟಿಗೆ ನಿಂತಿದೆ.

4,700ರಲ್ಲಿ 3,600 ಮಂದಿ ಎಲ್ಲಿ?

ಜಾನ್ಸನ್ ಅಂಡ್ ಜಾನ್ಸನ್ ಒಡೆತನದ ಡಿಪ್ಯೂ ಕಂಪನಿಯ 'ಎಎಸ್‌ಆರ್' ಲೋಹದ ಕೀಲನ್ನು 2010ರ ಆಗಸ್ಟ್‌ನಲ್ಲಿ ವಿಶ್ವದಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಐದು ವರ್ಷಗಳೊಳಗೆ ಶೇ 12ರಿಂದ 13ರಷ್ಟು ರೋಗಿಗಳಿಗೆ ಮರು ಶಸ್ತ್ರಚಿಕಿತ್ಸೆ ಬೇಕಾದುದನ್ನು ಬ್ರಿಟನ್ನಿನ ದಾಖಲೆಗಳು ತೋರಿಸಿದ್ದವು. ಭಾರತದಲ್ಲಿ ಸುಮಾರು 4,700 ಮಂದಿಗೆ ಇದನ್ನು ಅಳವಡಿಸಲಾಗಿತ್ತು. ಅವರಲ್ಲಿ 3,600ಕ್ಕೂ ಹೆಚ್ಚು ಮಂದಿಯ ಸುಳಿವೇ ಸಿಕ್ಕಿಲ್ಲವೆಂದು ಕೇಂದ್ರ ಸರ್ಕಾರದ ತಜ್ಞರ ಸಮಿತಿ 2018ರಲ್ಲಿ ವರದಿ ನೀಡಿತು. ತಮ್ಮೊಳಗಿನ ಕೀಲು ಯಾವುದೆಂದು ತಿಳಿಯದವರಿಗೆ ತಪಾಸಣೆಯೂ ಇಲ್ಲ, ಪರಿಹಾರವೂ ಇಲ್ಲ.

ಫಲಿತಾಂಶ

'ಲ್ಯಾನ್ಸೆಟ್' ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನೂರರಲ್ಲಿ 58 ಕೃತಕ ಸೊಂಟದ ಕೀಲುಗಳು 25 ವರ್ಷ ಬಾಳುತ್ತವೆ. ಸೋಂಕು, ಕೀಲು ಜಾರುವಿಕೆ, ರಕ್ತ ಹೆಪ್ಪುಗಟ್ಟುವಿಕೆ ಮುಖ್ಯ ಅಪಾಯಗಳು. ನೆಲದ ಮೇಲೆ ಕೂರುವುದು, ಕುಕ್ಕರುಗಾಲಿನ ಶೌಚಾಲಯ ಬಳಕೆ, ಮಗ್ಗ ಅಥವಾ ಹೊಲದ ಕೆಲಸಕ್ಕೆ ಮರಳುವುದು ಯಾವಾಗ ಎಂಬುದನ್ನು ವೈದ್ಯರಲ್ಲಿ ಮೊದಲೇ ವಿಚಾರಿಸಬೇಕು.

ಕಾದಿಡಬೇಕಾದ ದಾಖಲೆ

ಕೀಲಿನ ಪೊಟ್ಟಣದ ಮೇಲೆ ಕಂಪನಿ, ಮಾದರಿ ಹಾಗೂ ಲಾಟ್ ಸಂಖ್ಯೆಯಿರುವ ಚೀಟಿ ಇರುತ್ತದೆ. ಅದರ ಪ್ರತಿಯನ್ನು ಬಿಡುಗಡೆ ಪತ್ರದೊಂದಿಗೆ ಪಡೆದು ಜೋಪಾನವಾಗಿಡಬೇಕು. ಲೋಹ-ಲೋಹದ ಕೀಲು ಇರುವವರು ನೋವಿಲ್ಲದಿದ್ದರೂ ಮೂಳೆತಜ್ಞರನ್ನು ಕಂಡು ಎಕ್ಸ್‌-ರೇ ಹಾಗೂ ರಕ್ತದಲ್ಲಿನ ಲೋಹದ ಪ್ರಮಾಣದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.