ಬಾನುಲಿಗೆ ಇಳಿದ ಮಂಗಳಲೋಕದವರು

ಪುರಾಣಗಳಲ್ಲಿ ಅಶರೀರವಾಣಿ ಸುಳ್ಳು ನುಡಿಯುವುದಿಲ್ಲ. ಅದನ್ನು ಕೇಳಿ ಕಂಸನು ನಡುಗಿದ್ದು ಆ ನಂಬಿಕೆಯಿಂದಲೇ. ಆಕಾಶದಿಂದ ಬರುವ ದನಿಯಲ್ಲಿ ಮನುಷ್ಯನಿಗಿರುವ ಈ ವಿಶ್ವಾಸವನ್ನು ಕಳೆದ ಶತಮಾನದ ಎರಡು ಬಾನುಲಿ ನಾಟಕಗಳು ಪರೀಕ್ಷೆಗೆ ಒಡ್ಡಿದವು. ಒಂದರಿಂದ ಬಂದದ್ದು ಕೀರ್ತಿ, ಇನ್ನೊಂದರಿಂದ ಬೆಂಕಿ.

ಎರಡಕ್ಕೂ ಮೂಲವೊಂದೇ: 1898ರಲ್ಲಿ ಪುಸ್ತಕವಾಗಿ ಹೊರಬಂದ ಎಚ್. ಜಿ. ವೆಲ್ಸರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿ. ಮಂಗಳಗ್ರಹದ ಜೀವಿಗಳು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದು, ಸೈನ್ಯವನ್ನೆಲ್ಲ ಮೆಟ್ಟಿ, ಕೊನೆಗೆ ಕಣ್ಣಿಗೆ ಕಾಣದ ರೋಗಾಣುಗಳಿಗೆ ಬಲಿಯಾಗುವ ಕಥೆ ಅದು.

1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಎಂಬ 23 ವರ್ಷದ ನಟ ಇದನ್ನು ನ್ಯೂಯಾರ್ಕಿನ ಸಿ.ಬಿ.ಎಸ್. ಜಾಲದಲ್ಲಿ ನಾಟಕವಾಗಿ ಪ್ರಸಾರ ಮಾಡಿದರು. ಕಾದಂಬರಿಕಾರರಿಗೂ ಇವರಿಗೂ ಹೆಸರಿನ ಹೋಲಿಕೆಯುಂಟೇ ಹೊರತು ನಂಟಿಲ್ಲ. ನರ್ತನಸಂಗೀತ ನಡೆಯುತ್ತಿರುವಂತೆಯೇ ಅದನ್ನು ತಡೆದು, ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಹಳ್ಳಿಯಲ್ಲಿ ಅನ್ಯಲೋಕದವರು ಇಳಿದರೆಂಬ ತುರ್ತು ವಾರ್ತೆ ಬಿತ್ತರಿಸುವುದು ನಾಟಕದ ತಂತ್ರ. ಇದು ನಾಟಕವೆಂದು ಮೊದಲೇ ಹೇಳಲಾಗಿತ್ತು. ತಡವಾಗಿ ರೇಡಿಯೋ ತಿರುಗಿಸಿದವರಿಗೆ ಅದು ತಿಳಿಯದು. ಒಂದು ತಿಂಗಳ ಹಿಂದೆಯಷ್ಟೇ, ಮ್ಯೂನಿಕ್ ಬಿಕ್ಕಟ್ಟಿನ ದಿನಗಳಲ್ಲಿ, ಯುದ್ಧಭೀತಿಯ ಸುದ್ದಿಗಳು ಇದೇ ರೀತಿ ಕಾರ್ಯಕ್ರಮಗಳ ನಡುವೆ ನುಗ್ಗಿ ಬಂದಿದ್ದವು.

ಮರುದಿನ ಪತ್ರಿಕೆಗಳು ದೇಶವೇ ದಿಕ್ಕೆಟ್ಟು ಓಡಿತೆಂದು ಬರೆದವು. ಹೆದರಿದವರು ಇದ್ದುದು ನಿಜ. ಆದರೆ ಆ ರಾತ್ರಿಯ ಶ್ರೋತೃಸಮೀಕ್ಷೆಯಲ್ಲಿ ವಿಚಾರಿಸಿದವರಲ್ಲಿ ನಾಟಕವನ್ನು ಕೇಳುತ್ತಿದ್ದವರು ನೂರಕ್ಕೆ ಸುಮಾರು ಇಬ್ಬರು ಮಾತ್ರ! ಜಾಹೀರಾತಿನ ಆದಾಯವನ್ನು ರೇಡಿಯೋಗೆ ಕಳೆದುಕೊಳ್ಳುತ್ತಿದ್ದ ಪತ್ರಿಕೆಗಳು ಗಾಬರಿಯನ್ನು ಹಿಗ್ಗಿಸಿ ಬರೆದವೆಂದು ಇತ್ತೀಚಿನ ಹಲವು ಸಂಶೋಧಕರ ಅಭಿಪ್ರಾಯ. ವೆಲ್ಸರಿಗೆ ಹಾನಿಯಾಗಲಿಲ್ಲ, ಹಾಲಿವುಡ್ ಅವರನ್ನು ಕೈಬೀಸಿ ಕರೆಯಿತು.

ದಕ್ಷಿಣ ಅಮೆರಿಕದ ಈಕ್ವಡಾರಿನಲ್ಲಿ ಹಾಗಾಗಲಿಲ್ಲ. 1949ರ ಫೆಬ್ರವರಿ 12ರಂದು ರಾಜಧಾನಿ ಕೀಟೊದ ‘ರೇಡಿಯೋ ಕೀಟೊ’ ಇದೇ ಕಥೆಯನ್ನು ಸ್ಥಳೀಯ ಊರುಗಳ ಹೆಸರಿಟ್ಟು ಪ್ರಸಾರ ಮಾಡಿತು. ಜನ ನಿಜವೆಂದೇ ನಂಬಿ ಬೀದಿಗೆ ಬಂದರು. ಇದು ನಾಟಕವೆಂದು ನಿಲಯದವರು ಸಾರಿದಾಗ ಭಯವೆಲ್ಲ ರೋಷವಾಯಿತು. ‘ಎಲ್ ಕೊಮೆರ್ಸಿಯೊ’ ಪತ್ರಿಕೆಯೂ ರೇಡಿಯೋ ನಿಲಯವೂ ಇದ್ದ ಕಟ್ಟಡಕ್ಕೆ ಗುಂಪು ಬೆಂಕಿಯಿಟ್ಟಿತು. ಕನಿಷ್ಠ ಆರು ಮಂದಿ ಪ್ರಾಣ ಕಳೆದುಕೊಂಡರು.

ಈ ಕಥೆ 1953ರಲ್ಲಿಯೂ 2005ರಲ್ಲಿಯೂ ಹಾಲಿವುಡ್ ಚಲನಚಿತ್ರವಾಯಿತು. ಅಂಥ ಚಿತ್ರಗಳು ಇನ್ನೂ ಬರುತ್ತಲೇ ಇವೆ. ಅವನ್ನು ನೋಡಿ ಯಾರೂ ಚಿತ್ರಮಂದಿರಕ್ಕೆ ಬೆಂಕಿಯಿಡುವುದಿಲ್ಲ. ಟಿಕೆಟು ಕೊಂಡು ಒಳಗೆ ಹೋದವನಿಗೆ ತಾನು ನೋಡುವುದು ಆಟವೆಂದು ಗೊತ್ತು. ಬಾನುಲಿಯಾದರೋ ಮನೆಯೊಳಗೇ ಬಂದು ಮಾತನಾಡುತ್ತದೆ. ಪೇಟೆಧಾರಣೆಯನ್ನೂ ಚಂಡಮಾರುತದ ಎಚ್ಚರಿಕೆಯನ್ನೂ ಹೇಳುವುದು ಅದೇ ದನಿ. ಕೀಟೊದ ಜನರನ್ನು ಕೆರಳಿಸಿದ್ದು ಮಂಗಳಲೋಕದವರಲ್ಲ, ನಂಬಿದ ದನಿಯೇ ತಮ್ಮನ್ನು ವಂಚಿಸಿತೆಂಬ ಅರಿವು. ಯಾರ ಕಂಠವನ್ನಾದರೂ ಯಂತ್ರವೇ ಅನುಕರಿಸಬಲ್ಲ ಈ ಕಾಲದಲ್ಲಿ, ಆ ಸುಟ್ಟ ಕಟ್ಟಡವನ್ನು ಶ್ರೋತೃಗಳೂ ಪ್ರಸಾರಕರೂ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.