ಹಾಲು ಅಳೆಯುವ ಕಾಣದ ಬೆಳಕು

ಬೆಳಗ್ಗೆ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರ ಕಣ್ಣೆಲ್ಲ ಒಂದೇ ಕಡೆ: ಫ್ಯಾಟ್, ಎಸ್‌ಎನ್‌ಎಫ್ ತೋರಿಸುವ ಪುಟ್ಟ ಪರದೆ. ಫ್ಯಾಟ್ ಇಳಿದರೆ ದುಡ್ಡೂ ಇಳಿಯುತ್ತದೆ. 'ನಿನ್ನೆ ನಾಲ್ಕು ಬಂದಿತ್ತು, ಇವತ್ತು ಮೂರೂವರೆ ಯಾಕೆ?' ಎಂಬ ಜಗಳ ನಾವು ಎಷ್ಟೋ ಊರುಗಳಲ್ಲಿ ಕೇಳಿದ್ದೇವೆ. ಹಳ್ಳಿ ಡೇರಿಯ ಸಣ್ಣ ಪೆಟ್ಟಿಗೆಗಳು ಹೆಚ್ಚಾಗಿ ಶಬ್ದದ ಅಲೆಗಳಿಂದ ಅಳೆಯುತ್ತವೆ. ದೊಡ್ಡ ಡೇರಿಗಳ ಪ್ರಯೋಗಾಲಯದಲ್ಲಿರುವುದು ಬೇರೆ ಯಂತ್ರ. ಅದು ಕಣ್ಣಿಗೆ ಕಾಣದ ಬೆಳಕನ್ನು ಹಾಲಿನೊಳಗೆ ಹಾಯಿಸಿ ಲೆಕ್ಕ ಹೇಳುತ್ತದೆ. ಆ ಯಂತ್ರ ಬಂದ ದಾರಿ ದೊಡ್ಡದು.

ಮೊದಲು ಇದ್ದದ್ದು ಆಸಿಡ್. 1890ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ರೂಪಿಸಿದ ವಿಧಾನದಲ್ಲಿ ಹಾಲಿಗೆ ಗಂಧಕಾಮ್ಲ ಹಾಕಿ, ಗಾಜಿನ ನಳಿಗೆಯನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲೆ ತೇಲಿದ ಕೊಬ್ಬನ್ನು ಓದಬೇಕು. ಲೆಕ್ಕ ಸರಿಯಾಗಿ ಬರುತ್ತದೆ. ಆದರೆ ಹೊತ್ತು ಹಿಡಿಯುತ್ತದೆ, ಕೈ ಜಾರಿದರೆ ಚರ್ಮ ಸುಡುತ್ತದೆ.

ಬೆಳಕಿನ ಕಥೆ ಇದಕ್ಕಿಂತ ಹಳೆಯದು. 1800ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಇಟ್ಟು ಶಾಖ ನೋಡುತ್ತಿದ್ದರು. ಯುರೇನಸ್ ಗ್ರಹ ಕಂಡುಹಿಡಿದವರೂ ಅವರೇ. ಕೆಂಪು ಬಣ್ಣದಾಚೆ, ಏನೂ ಕಾಣದ ಕಡೆ ಇಟ್ಟ ಥರ್ಮಾಮೀಟರ್ ಇನ್ನೂ ಹೆಚ್ಚು ಏರಿತು. ಅದೇ ಇನ್‌ಫ್ರಾರೆಡ್, ಶಾಲೆಯ ಪುಸ್ತಕದಲ್ಲಿ ನಾವು ಓದಿದ ಅವಕೆಂಪು.

ನೂರು ವರ್ಷದ ನಂತರ ಅಮೆರಿಕದ ವಿಲಿಯಂ ಕೋಬ್ಲೆಂಟ್ಜ್ ನೂರಕ್ಕೂ ಹೆಚ್ಚು ವಸ್ತುಗಳ ಮೂಲಕ ಈ ಬೆಳಕನ್ನು ಹಾಯಿಸಿ, ಯಾವುದು ಎಷ್ಟು ನುಂಗುತ್ತದೆಂದು ಬಿಡಿಬಿಡಿಯಾಗಿ ಅಳೆದು 1905ರಲ್ಲಿ ಪ್ರಕಟಿಸಿದರು. ಅಣುವಿನೊಳಗಿನ ಬಂಧಗಳು ಸ್ಪ್ರಿಂಗಿನಂತೆ ಅಲುಗುತ್ತಿರುತ್ತವೆ. ತನ್ನ ಅಲುಗಾಟಕ್ಕೆ ಹೊಂದುವ ಅಲೆಯನ್ನಷ್ಟೇ ಬಂಧ ನುಂಗುತ್ತದೆ. ಹಾಲಿನ ಕೊಬ್ಬು 5.7 ಮೈಕ್ರಾನ್ ಅಲೆಯನ್ನು ನುಂಗಿದರೆ, ಪ್ರೋಟೀನು 6.5ರ ಆಸುಪಾಸು, ಹಾಲಿನ ಸಕ್ಕರೆ 9.6ರ ಆಸುಪಾಸು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಇಷ್ಟು ಗೊತ್ತಾದರೂ ಹಾಲು ಸುಲಭಕ್ಕೆ ಬಗ್ಗಲಿಲ್ಲ. ಯಾರೂ ನೀರು ಬೆರೆಸದ ಹಾಲಿನಲ್ಲೂ ನೂರಕ್ಕೆ 87ರಷ್ಟು ನೀರೇ ಇರುತ್ತದೆ, ಈ ಬೆಳಕನ್ನು ಎಲ್ಲರಿಗಿಂತ ಮೊದಲು ನುಂಗುವುದೂ ನೀರೇ. ಕೊಬ್ಬಿನ ಗುಂಡುಗಳು ಬೆಳಕನ್ನು ಅಡ್ಡಾದಿಡ್ಡಿ ಚದುರಿಸುತ್ತವೆ. ಗಾಜು ಈ ಅಲೆಗಳನ್ನು ಬಿಡುವುದಿಲ್ಲ. ಉಪ್ಪಿನ ಹರಳು ಬಿಡುತ್ತದೆ, ಆದರೆ ಅದು ಹಾಲಿನಲ್ಲೇ ಕರಗಿಹೋಗುತ್ತದೆ!

ಇಂಗ್ಲೆಂಡಿನ ರೆಡಿಂಗ್ ಪಕ್ಕದ ಹೈನು ಸಂಶೋಧನಾ ಸಂಸ್ಥೆಯಲ್ಲಿದ್ದ ಗೋಲ್ಡನ್ ಎಂಬ ವಿಜ್ಞಾನಿ ಈ ಗಂಟನ್ನು ಬಿಡಿಸಿ 1964ರಲ್ಲಿ ಪ್ರಬಂಧ ಬರೆದರು. ಹಾಲನ್ನು ಒತ್ತಡದಲ್ಲಿ ನುಗ್ಗಿಸಿ ಕೊಬ್ಬಿನ ಗುಂಡುಗಳನ್ನು ಒಡೆಯುವುದು, ತಲೆಗೂದಲಿಗಿಂತ ತೆಳುವಾದ ಸಂದಿಯಲ್ಲಿ ಹರಿಸುವುದು, ಬರೀ ನೀರಿನ ಲೆಕ್ಕವನ್ನು ಕಳೆಯುವುದು. ಕಿಟಕಿಗೆ ಉಪ್ಪಿನ ಬದಲು ನೀರಿಗೆ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಹರಳು ಒದಗಿತು. ಯಂತ್ರ ಕಟ್ಟಿದ ನ್ಯೂಕ್ಯಾಸಲ್‌ನ ಗ್ರಬ್ ಪಾರ್ಸನ್ಸ್ ಕಂಪನಿ ಹೆಸರಾಗಿದ್ದುದು ದೂರದರ್ಶಕಗಳಿಗೆ. ನಕ್ಷತ್ರ ನೋಡುವವರ ಕೈಯಲ್ಲಿ ಸಿಕ್ಕ ಬೆಳಕು, ನಕ್ಷತ್ರ ನೋಡುವ ಕೊಳವೆ ಮಾಡುವವರ ಕೈಯಲ್ಲೇ ಹಾಲಿಗೆ ಬಂತು.

ಮೊದಲ ಯಂತ್ರಗಳು ಆಯ್ದ ಕೆಲವೇ ಅಲೆಗಳನ್ನು ನೋಡುತ್ತಿದ್ದವು. 1990ರ ದಶಕದಲ್ಲಿ ಇಡೀ ಸಾಲನ್ನೇ ಓದುವ ಯಂತ್ರಗಳು ಡೇರಿಗೆ ಬಂದವು. ಅದರ ಬೆಲೆ ತಿಳಿಯಬೇಕಾದರೆ ಚೀನಾದ 2008ರ ಪ್ರಕರಣ ನೋಡಬೇಕು. ಹಾಲಿನ ಪ್ರೋಟೀನನ್ನು ಅದರಲ್ಲಿರುವ ಸಾರಜನಕದ ಲೆಕ್ಕದಲ್ಲಿ ಹೇಳುವ ಪರೀಕ್ಷೆಯೊಂದಿದೆ. ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಹಾಕಿ ಆ ಪರೀಕ್ಷೆಯ ಕಣ್ಣಿಗೆ ಮಣ್ಣೆರಚಿದರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕೂಸುಗಳು ಸತ್ತವೆಂದು ಸರ್ಕಾರವೇ ಹೇಳಿತು. ಮೆಲಮೈನ್‌ನ ಬಂಧಗಳು ನುಂಗುವ ಅಲೆಗಳ ಸಾಲು ಪ್ರೋಟೀನಿನ ಸಾಲಿನಂತಿಲ್ಲ. ಆದ್ದರಿಂದ ಇಡೀ ಸಾಲು ಓದುವ ಯಂತ್ರಕ್ಕೆ ಅಂಥ ಹಾಲಿನ ಗೆರೆ ಬೇರೆಯಾಗಿ ಕಾಣುತ್ತದೆ. ಬೆರಕೆ ತೀರಾ ಕಡಿಮೆಯಿದ್ದರೆ ಮಾತ್ರ ತಪ್ಪಿಸಿಕೊಳ್ಳಬಹುದು.

ಒಂದು ಮಾತು ನಮ್ಮವರಿಗೆ ಹೇಳಲೇಬೇಕು. ಈ ಯಂತ್ರಕ್ಕೆ ಫ್ಯಾಟ್ ಅಂದರೆ ಏನೆಂದು ತಾನಾಗಿ ಗೊತ್ತಿಲ್ಲ. ಎಷ್ಟು ಬೆಳಕು ಕಾಣೆಯಾಯಿತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಅಷ್ಟು ಕಾಣೆಯಾದರೆ ಇಷ್ಟು ಫ್ಯಾಟ್ ಎಂದು ಮನುಷ್ಯರೇ ಕಲಿಸಬೇಕು. ಅದೇ ಹಾಲನ್ನು ಹಳೆಯ ರಾಸಾಯನಿಕ ವಿಧಾನದಲ್ಲಿ ಅಳೆದು ಹೋಲಿಸಬೇಕು. ಬರೀ ಹಸುವಿನ ಹಾಲಲ್ಲಿ ಕಲಿತ ಯಂತ್ರ ಎಮ್ಮೆ ಹಾಲಿಗೆ ತಪ್ಪು ಹೇಳಬಹುದು. ಲೆನ್ಸಿನಂಥ ಆ ಕಿಟಕಿ ಮಾಸಿದರೂ ಅಂಕಿ ಸರಿಯುತ್ತದೆ. ಹಾಗಾಗಿ ಕಾಣದ ಬೆಳಕಿನ ಯಂತ್ರ ಬಂದ ಮೇಲೂ ಪ್ರಯೋಗಾಲಯದ ಕಪಾಟಿನಿಂದ ಗರ್ಬರ್ ನಳಿಗೆ, ಆಸಿಡ್ ಬಾಟಲಿ ಹೊರಗೆ ಹೋಗಿಲ್ಲ.