ಕ್ವಾಗಾ ರೂಟಿಂಗ್ ತಂತ್ರಾಂಶದ ಮೆಮೊರಿ ದೋಷಗಳು

ಅಂತರಜಾಲವನ್ನು ರೂಪಿಸಿರುವ ಸಾವಿರಾರು ಸ್ವಾಯತ್ತ ಜಾಲಗಳು ಯಾವ ವಿಳಾಸಕ್ಕೆ ಯಾವ ದಾರಿಯೆಂಬುದನ್ನು ಪರಸ್ಪರ ತಿಳಿಸಲು ಬಳಸುವ ನಿಯಮಾವಳಿಗೆ ಬಾರ್ಡರ್ ಗೇಟ್‌ವೇ ಪ್ರೋಟೊಕಾಲ್, ಅಂದರೆ ಬಿಜಿಪಿ, ಎಂದು ಹೆಸರು. 1989ರಲ್ಲಿ ಮೊದಲು ಪ್ರಕಟವಾದ ಈ ನಿಯಮಾವಳಿಯನ್ನು ಸಾಮಾನ್ಯ ಗಣಕಗಳಲ್ಲೂ ನಡೆಸಬಲ್ಲ ಮುಕ್ತ ತಂತ್ರಾಂಶಗಳಲ್ಲಿ, ಜಪಾನಿನ ಕುನಿಹಿರೊ ಇಶಿಗುರೊ 1996ರಲ್ಲಿ ಆರಂಭಿಸಿದ ಜೀಬ್ರಾ, ಅದರಿಂದ ಕವಲೊಡೆದ ಕ್ವಾಗಾ, ಕ್ವಾಗಾದಿಂದ ಬೇರೆಯಾಗಿ 2017ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯ ಪಡೆದ ಎಫ್‌ಆರ್‌ರೂಟಿಂಗ್ ಒಂದೇ ವಂಶಕ್ಕೆ ಸೇರಿವೆ.

ಈ ಮೂರನ್ನೂ ಬರೆದಿರುವುದು ಸಿ ಭಾಷೆಯಲ್ಲಿ. ಮೆಮೊರಿಯನ್ನು ಪಡೆಯುವ, ಅದರ ಎಲ್ಲೆಯನ್ನು ಕಾಯುವ, ಕೆಲಸ ಮುಗಿದ ಮೇಲೆ ಹಿಂದಿರುಗಿಸುವ ಹೊಣೆಯನ್ನೆಲ್ಲ ಈ ಭಾಷೆ ಬರೆಯುವವರಿಗೇ ಬಿಟ್ಟುಕೊಡುವುದರಿಂದ, ಒಂದೇ ಒಂದು ಪರಿಶೀಲನೆ ತಪ್ಪಿದರೂ ಹೊರಗಿನಿಂದ ಬಂದ ಸಂದೇಶವು ತಂತ್ರಾಂಶದ ಒಳಗನ್ನು ಕೆಡಿಸಬಹುದು. ಕ್ವಾಗಾದಲ್ಲಿ 2016ರಲ್ಲಿ ಬಯಲಾದ ದೋಷ ಇದಕ್ಕೆ ನೇರ ನಿದರ್ಶನ: ಖಾಸಗಿ ಜಾಲಗಳ ದಾರಿಗಳನ್ನು ಓದುವ ಭಾಗವು, ಸಂದೇಶ ತಾನೇ ಹೇಳಿಕೊಂಡ ಉದ್ದವನ್ನು ನಂಬಿ, ಮೀಸಲಿಟ್ಟ ಜಾಗಕ್ಕಿಂತ ಹೆಚ್ಚಿನ ದತ್ತಾಂಶವನ್ನು ನಕಲು ಮಾಡುತ್ತಿತ್ತು.

2018ರ ಫೆಬ್ರುವರಿಯಲ್ಲಿ ಪ್ರಕಟವಾದ, ಸಿವಿಇ-2018-5379 ಎಂಬ ಗುರುತಿನ ದೋಷ ಇದಕ್ಕಿಂತ ಕಳವಳಕಾರಿ. ದಾರಿಗಳ ಬದಲಾವಣೆಯನ್ನು ತಿಳಿಸುವ ಅಪ್‌ಡೇಟ್ ಸಂದೇಶದಲ್ಲಿ ಅಪರಿಚಿತ ಲಕ್ಷಣಗಳಿದ್ದಾಗ, ಒಮ್ಮೆ ಹಿಂದಿರುಗಿಸಿದ ಮೆಮೊರಿಯನ್ನೇ ಕ್ವಾಗಾ ಎರಡನೆಯ ಬಾರಿ ಹಿಂದಿರುಗಿಸುವ ಸಾಧ್ಯತೆಯಿತ್ತು. ಹಾಗಾದಾಗ ಮೆಮೊರಿಯ ಲೆಕ್ಕಪತ್ರವೇ ಕಲಸಿಹೋಗಿ ತಂತ್ರಾಂಶ ಕುಸಿಯಬಹುದಿತ್ತು, ಅಥವಾ ದಾಳಿಕೋರನ ಆದೇಶಗಳನ್ನು ಪಾಲಿಸುವ ಸ್ಥಿತಿಗೂ ಬರಬಹುದಿತ್ತು. ಬಿಜಿಪಿಯ ನಿಯಮದಂತೆ ಕೆಲವು ಬಗೆಯ ಲಕ್ಷಣಗಳನ್ನು, ಅವು ಅರ್ಥವಾಗದಿದ್ದರೂ, ರೂಟರುಗಳು ನೆರೆಯ ಜಾಲಗಳಿಗೆ ದಾಟಿಸಲೇಬೇಕು. ಹೊಸ ಸೌಲಭ್ಯಗಳಿಗೆ ಎಡೆಗೊಡಲೆಂದು ವಿವೇಕದಿಂದಲೇ ಮಾಡಿದ ಈ ಏರ್ಪಾಡಿನಿಂದಾಗಿ, ಎಲ್ಲೋ ಹುಟ್ಟಿದ ಒಂದು ಸಂದೇಶ ದೋಷವಿಲ್ಲದ ರೂಟರುಗಳನ್ನು ಹಾದು ದೂರದ ಹಲವು ಕ್ವಾಗಾ ರೂಟರುಗಳನ್ನು ಮುಟ್ಟಬಹುದೆಂಬುದೇ ಇದರ ನಿಜವಾದ ಅಪಾಯ. ನೆರೆಯವರು ನಂಬಿಕಸ್ಥರೆಂಬ ಸಮಾಧಾನ ಇಲ್ಲಿ ಸಾಲದು. 1.2.3ನೆಯ ಆವೃತ್ತಿಯಲ್ಲಿ ಈ ದೋಷವನ್ನು ಸರಿಪಡಿಸಲಾಯಿತು.

ಕವಲು ಬದಲಾದರೂ ಸಮಸ್ಯೆ ಮುಗಿಯಲಿಲ್ಲ. ಬಿಜಿಪಿ ಸಂಪರ್ಕವನ್ನು ಆರಂಭಿಸುವ ಓಪನ್ ಸಂದೇಶಕ್ಕೆ 2021ರಲ್ಲಿ ಉದ್ದದ ವಿಸ್ತರಣೆಯೊಂದು ಸೇರಿತು; ವಿರೂಪಗೊಂಡ ಓಪನ್ ಸಂದೇಶವನ್ನು ಓದುವಾಗ ಎಫ್‌ಆರ್‌ರೂಟಿಂಗ್ ಮೆಮೊರಿಯ ಎಲ್ಲೆ ಮೀರಿ ಓದಿ ಕುಸಿಯುವ ಮೂರು ದೋಷಗಳನ್ನು ಫೋರ್‌ಸ್ಕೌಟ್ ಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ಸಂದೇಶದೊಳಗಿನ ಉದ್ದವನ್ನು ಅಳೆದು ನೋಡದೆ ನಂಬುವ ಹಳೆಯ ಕುಂದು ಹೊಸ ಸೌಲಭ್ಯದಲ್ಲೂ ಮರುಕಳಿಸಿರುವುದರಿಂದ, ತೇಪೆ ಹಚ್ಚುವುದಷ್ಟೇ ಇದಕ್ಕೆ ಪರಿಹಾರವೆಂದು ಒಪ್ಪುವುದು ಕಷ್ಟ.